ಪಾರ್ಟಿಗೆ ಜಾಗ ಹುಡುಕ್ತಿರೋ ಗೆಳೆಯನಿಗೆ

ಮೈಸೂರು,
ನವೆಂಬರ್ 23, 2025

ಮಗಾ,

ನಿನ್ನೆ ರಾತ್ರಿ ನಿನ್ನ ವಾಯ್ಸ್ ಮೆಸೇಜ್ ಕೇಳಿ ಮೊದಲು ನಕ್ಕೆ, ಆಮೇಲೆ ಪಾಪ ಅನ್ನಿಸ್ತು. ಫ್ಯಾಕ್ಟರಿಯ ವರ್ಷದ ಕೊನೆ ಪಾರ್ಟಿಗೆ ಜಾಗ ನೋಡೋ ಕೆಲಸ ಸ್ಟೋರ್ಸ್‌ನಲ್ಲಿ ಕೂತವನ ತಲೆಗೇ ಯಾಕೆ ಕಟ್ತಾರೆ ಅಂತ ಕೇಳಿದೆಯಲ್ಲ, ಕಾರಣ ಸುಲಭ ಕಣೋ. ಮೂರು ಕೊಟೇಶನ್ ತರಿಸಿ, ಕಡಿಮೆ ರೇಟಿಗೆ ಟಿಕ್ ಹಾಕಿ, ಸಹಿಗೆ ಮೇಲೆ ಕಳಿಸೋದು ನಮಗೆ ಅಭ್ಯಾಸ. ಅವರ ಲೆಕ್ಕದಲ್ಲಿ ಬೇರಿಂಗೂ ಒಂದೇ, ಬಿರಿಯಾನಿಯೂ ಒಂದೇ. ಮೂರು ವರ್ಷದಿಂದ ನಾನೂ ಇದೇ ಗಾಣ ಸುತ್ತಿದ್ದೀನಿ. ಅದಕ್ಕೇ ಫೋನಲ್ಲಿ ಹೇಳಿ ಮುಗಿಸದೆ ಕೂತು ಬರೀತಿದ್ದೀನಿ.

ನೀನು ಕಳಿಸಿದ ಫೋಟೋ ಎಲ್ಲಾ ನೋಡಿದೆ. ಕೆಆರ್‌ಎಸ್ ಹಿನ್ನೀರಿನ ಪಕ್ಕದ ರೆಸಾರ್ಟು, ಮೈಸೂರಿನ ಹೋಟೆಲಿನ ಪಾರ್ಟಿ ಹಾಲು, ಬಲಮುರಿ ಹತ್ತಿರದ ತೆಂಗಿನ ತೋಟ. ಮೂರೂ ಚೆನ್ನಾಗಿವೆ. ಆದ್ರೆ ಒಂದು ಫೋಟೋನೂ ರಾತ್ರಿ ಹತ್ತೂವರೆಗೆ ತೆಗೆದಿದ್ದಲ್ಲ ನೋಡು.

2023ರಲ್ಲಿ ನಾವೂ ಹಿನ್ನೀರಿಗೇ ಹೋಗಿದ್ವಿ. ಯಾವ ರೆಸಾರ್ಟು ಅಂತ ಕೇಳಬೇಡ, ಈಗ ಅದರ ಮೇಲೆ ಹೇಳಿ ಪ್ರಯೋಜನ ಇಲ್ಲ. ಮಧ್ಯಾಹ್ನ ಹೋಗಿ ನೋಡಿದಾಗ ಸ್ವರ್ಗ. ನೀರು, ಬಿಸಿಲು, ಬೆಳ್ಳಕ್ಕಿ. ಪಾರ್ಟಿ ಇಟ್ಟಿದ್ದು ಸಂಜೆ ಆರಕ್ಕೆ. ಮಾಗಿ ಚಳಿ, ನೀರಿನ ಕಡೆಯಿಂದ ಬೀಸೋ ಗಾಳಿ, ಬಯಲಲ್ಲಿ ಹಾಕಿದ ಕುರ್ಚಿ. ಏಳು ಗಂಟೆಗೆಲ್ಲ ಹೆಂಗಸರು ಸೆರಗು ತಲೆಮೇಲೆ ಎಳ್ಕೊಂಡು ಅಡುಗೆಮನೆ ಗೋಡೆಗೆ ಒರಗಿ ನಿಂತಿದ್ರು, ಒಲೆಯ ಕಾವು ತಾಗಲಿ ಅಂತ. ಬಫೆ ಎಂಟಕ್ಕೆ ಅಂತ ಮಾತಾಗಿತ್ತು. ಸಾಹೇಬರ ಭಾಷಣ, ಬಹುಮಾನ, ಕೇಕು, ಮತ್ತೊಂದು ಭಾಷಣ ಮುಗಿದು ಪಾತ್ರೆ ಮುಚ್ಚಳ ತೆಗೆದಾಗ ಒಂಬತ್ತೂವರೆ. ಹತ್ತಕ್ಕೆ ಡಿಜೆ ಬಂದ್. ಹತ್ತರಿಂದ ಬೆಳಗ್ಗೆ ಆರರವರೆಗೆ ಬಯಲಲ್ಲಿ ಮೈಕು ಹಾಕಂಗಿಲ್ಲ ಅನ್ನೋ ಕಾನೂನು 2000ದಿಂದಲೂ ಇದೆ, ಬುಕಿಂಗ್ ಹೊತ್ತಲ್ಲಿ ಮಾತ್ರ ಯಾರ ಬಾಯಲ್ಲೂ ಅದು ಬರೋದಿಲ್ಲ.

ನನಗೆ ಇವತ್ತಿಗೂ ಚುಚ್ಚೋದು ಚಳಿಯೂ ಅಲ್ಲ, ಡಿಜೆಯೂ ಅಲ್ಲ. ನಮ್ಮ ಹೌಸ್‌ಕೀಪಿಂಗ್‌ನಲ್ಲಿ ಒಬ್ಬ ಅಮ್ಮ ಇದ್ರು, ಟಿ. ನರಸೀಪುರದ ಕಡೆಯೋರು. ಎಂಟೂಕಾಲಿಗೆ ನನ್ನ ಹತ್ರ ಬಂದು, "ಊಟ ಆಯ್ತು ಅಂದ್ಕೊಳಿ ಸಾ, ಬಸ್ ತಪ್ಪೋಯ್ತದೆ" ಅಂದ್ರು. ಅವರ ಜೊತೆ ಇನ್ನೂ ಏಳೆಂಟು ಜನ ಹೊರಟ್ರು. ಶಕ್ತಿ ಯೋಜನೆ ಬಂದಮೇಲೆ ಅವರ ಓಡಾಟವೆಲ್ಲ ಸರ್ಕಾರಿ ಬಸ್ಸಿನಲ್ಲೇ. ಆ ಬಸ್ಸು ತಪ್ಪಿದ್ರೆ ಆಟೋಗೆ ಕೊಡೋ ದುಡ್ಡು ಎರಡು ದಿನದ ಕೂಲಿ. ತಲೆಗಿಷ್ಟು ಅಂತ ನಾವು ರೆಸಾರ್ಟಿಗೆ ಕಟ್ಟಿದ್ವಲ್ಲ, ಆ ಲೆಕ್ಕದಲ್ಲಿ ಅವರ ತಲೆಯೂ ಇತ್ತು. ತಟ್ಟೆ ಮಾತ್ರ ಖಾಲಿ.

ಅವತ್ತಿಂದ ನಾನು ಜಾಗ ನೋಡೋಕೆ ಮುಂಚೆ ಹಾಜರಿ ಪುಸ್ತಕ ತೆಗೀತೀನಿ. ಒಂದೊಂದು ಹೆಸರಿನ ಮುಂದೆ ಊರು ಯಾವುದು, ಮನೆಗೆ ಹೆಂಗೆ ಹೋಗ್ತಾರೆ ಅಂತ ಪೆನ್ಸಿಲಲ್ಲಿ ಗುರುತು. ನೀನೂ ಮಾಡು. ನಿಮ್ಮ ಫ್ಯಾಕ್ಟರಿ ತೂಬಿನಕೆರೇಲಿ, ಒಂದಷ್ಟು ಜನ ಮಂಡ್ಯದ ಕಡೆ, ಒಂದಷ್ಟು ಜನ ಮೈಸೂರಿನ ಕಡೆ, ಮಿಕ್ಕೋರು ಪಾಂಡವಪುರದ ಹಳ್ಳಿಗಳೋರು. ಬೈಕಲ್ಲಿ ಬರೋರೇ ಹೆಚ್ಚು ಅಂತೀಯ. ಬೆಂಗಳೂರು-ಮೈಸೂರು ದಶಪಥದ ಮುಖ್ಯ ರಸ್ತೆಗೆ 2023ರ ಆಗಸ್ಟ್ 1ರಿಂದ ಬೈಕು, ಆಟೋ ಬಿಡ್ತಿಲ್ಲ, ಅವರೆಲ್ಲ ಕತ್ತಲಲ್ಲಿ ಸರ್ವಿಸ್ ರೋಡ್ ಹಿಡೀಬೇಕು. ಪಾಂಡವಪುರದ ಕಡೆಯೋರ ದಾರಿ ವಿ.ಸಿ. ನಾಲೆ, ಅಂದ್ರೆ ವಿಶ್ವೇಶ್ವರಯ್ಯ ನಾಲೆ, ಅದರ ಏರಿ ಮೇಲೆ. 2018ರ ನವೆಂಬರ್‌ನಲ್ಲಿ ಕನಗನಮರಡಿ ಹತ್ರ ಬಸ್ಸು ಆ ನಾಲೆಗೆ ಬಿದ್ದು 30 ಜನ ಹೋದದ್ದು ನಿನಗೆ ನಾನು ಹೇಳಬೇಕಾಗಿಲ್ಲ. ಅದೂ ಹಾಡಹಗಲು. ಎಣ್ಣೆ ಹಾಕ್ಕೊಂಡು, ರಾತ್ರಿ ಹನ್ನೊಂದಕ್ಕೆ, ಮಂಜಲ್ಲಿ, ಆ ಏರಿ ಮೇಲೆ ನಿಮ್ಮ ಹುಡುಗರನ್ನ ಬಿಡ್ತೀಯಾ?

ಬಲಮುರಿ ತೋಟ ಬಿಟ್ಟೇಬಿಡು. ಕಾವೇರಿ ಕಾಲ ಬುಡದಲ್ಲಿ ಹರೀತಿರ್ತಾಳೆ, ನೂರಿಪ್ಪತ್ತು ಜನದಲ್ಲಿ ನಾಲ್ಕು ಜನ ನೀರಿಗೆ ಇಳಿದೇ ಇಳೀತಾರೆ. ಅಲ್ಲಿನ ನೀರು ನೋಡೋಕೆ ಮೊಣಕಾಲುದ್ದ, ಒಳಗೆ ಬಂಡೆ, ಸುಳಿ. ಹೊಸ ವರ್ಷದ ಹೊತ್ತಿಗೆ ಬಲಮುರಿ, ಎಡಮುರಿಗೆ ಜಿಲ್ಲಾಡಳಿತ ನಿಷೇಧ ಹಾಕೋದನ್ನ ಪೇಪರಲ್ಲಿ ಎಷ್ಟು ಸಲ ಓದಿಲ್ಲ ನಾವು? ಅಡ್ವಾನ್ಸ್ ಕೊಟ್ಟಮೇಲೆ ಆ ಆದೇಶ ಬಂದ್ರೆ ಬಿರಿಯಾನಿ ಡಬರಿ ಹೊತ್ಕೊಂಡು ಎಲ್ಲಿಗೆ ಹೋಗ್ತೀಯ.

ಹೋಟೆಲ್ ಹಾಲಿನ ಕಥೆ ಬೇರೆ. ನಮ್ಮಲ್ಲಿ ಒಬ್ಬರು ದೊಡ್ಡವರಿಗೆ ಲಲಿತ ಮಹಲಿನ ಮೇಲೆ ಮನಸ್ಸಿತ್ತು. 1921ರಲ್ಲಿ ವೈಸ್‌ರಾಯ್ ಇಳ್ಕೊಳ್ಳೋಕೆ ಅಂತ ನಾಲ್ವಡಿಯವರು ಕಟ್ಟಿಸಿದ ಜಾಗ, ಯಾರಿಗೆ ಬೇಡ ಹೇಳು. ನನಗೂ ಅಲ್ಲಿ ಕೂತು ಒಂದು ಕಾಫಿ ಕುಡಿಯೋ ಆಸೆ. ಆದ್ರೆ ಆ ಗೋಪುರದ ಕೆಳಗೆ ಬೋಟಿ ಗೊಜ್ಜು ಬೆರಳಲ್ಲಿ ನೆಕ್ಕೋ ಧೈರ್ಯ ನಮ್ಮ ಮೌಲ್ಡಿಂಗ್ ಸೆಕ್ಷನ್‌ನವರಿಗೆ ಬರುತ್ತಾ? ಬೇರೆ ಒಂದು ಹೋಟೆಲಲ್ಲಿ 2022ರಲ್ಲಿ ಮಾಡಿದ್ವಿ. ಡಿಸೆಂಬರ್ ಅಂದ್ರೆ ಅಯ್ಯಪ್ಪ ಮಾಲೆ ಕಾಲ ಅನ್ನೋದೇ ನನ್ನ ತಲೇಲಿರಲಿಲ್ಲ. ನಲವತ್ತೊಂದು ದಿನದ ವ್ರತದಲ್ಲಿದ್ದ ಹನ್ನೊಂದು ಜನ ಕಪ್ಪು ಪಂಚೆ ಉಟ್ಕೊಂಡು ಬಂದ್ರು. ಒಂದೇ ಸಾಲಲ್ಲಿ ಪನ್ನೀರು, ಪಕ್ಕದಲ್ಲೇ ಚಿಕನ್ನು, ಸೌಟು ಅದರಿಂದ ಇದಕ್ಕೆ ಓಡಾಡ್ತಿದೆ. ಸ್ವಾಮಿಗಳು ಬಾಳೆಹಣ್ಣು ತಿಂದು ಎದ್ದರು. ತಪ್ಪು ಹೋಟೆಲಿನವರದು ಅನ್ನೋಕೂ ಬಾಯಿಲ್ಲ, ಕೇಳಬೇಕಾದವನು ನಾನು.

ಹಂಗಂತ ಪೂರ್ತಿ ಸಸ್ಯಾಹಾರ ಮಾಡ್ತೀನಿ ಅಂದೆಯೋ, ಮಂಡ್ಯದಲ್ಲಿ ನಿನ್ನ ಕಥೆ ಮುಗೀತು. ಕಳೆದ ಡಿಸೆಂಬರ್ 20ರಿಂದ 22ರವರೆಗೆ ನಿಮ್ಮೂರಲ್ಲಿ ನಡೆದ 87ನೇ ಸಾಹಿತ್ಯ ಸಮ್ಮೇಳನದಲ್ಲೇ ಬಾಡೂಟ ಬೇಕು ಅಂತ ಎಷ್ಟು ಗದ್ದಲ ಎದ್ದಿತ್ತು! ಕವಿಗೋಷ್ಠಿಗಿಂತ ಅದೇ ಹೆಚ್ಚು ಮಾತಾಯ್ತು. ಸಾಹಿತ್ಯಕ್ಕೇ ಬಾಡು ಕೇಳಿದ ಜನ ಬೋನಸ್ ವರ್ಷದಲ್ಲಿ ಬಿಡ್ತಾರಾ.

ಈಗ ನನ್ನ ಗುಟ್ಟು ಕೇಳು. ಚೌಟ್ರಿ. ನಗಬೇಡ.

ಡಿಸೆಂಬರ್ 16ಕ್ಕೆ ಧನುರ್ಮಾಸ ಶುರು. ಸಂಕ್ರಾಂತಿವರೆಗೆ ನಮ್ಮ ಕಡೆ ಯಾರೂ ಮದುವೆ ಇಡೋದಿಲ್ಲ. ಕಾರ್ತೀಕದಲ್ಲಿ ಕಾಲಿಡೋಕೆ ಜಾಗ ಇಲ್ಲದ ಕಲ್ಯಾಣ ಮಂಟಪಗಳೆಲ್ಲ ಒಂದು ತಿಂಗಳು ಬಾಗಿಲು ಹಾಕ್ಕೊಂಡು ಕೂತಿರ್ತವೆ. ಅದೇ ಹೊತ್ತಿಗೆ ರೆಸಾರ್ಟು, ಹೋಟೆಲಿನವರು ಕ್ರಿಸ್‌ಮಸ್ಸು, ಹೊಸ ವರ್ಷ ಅಂತ ರೇಟು ಏರಿಸಿರ್ತಾರೆ. ಹೋದ ವರ್ಷ ನಾನು ಮಂಟಪದ ಮ್ಯಾನೇಜರ್‌ಗೆ ಧನುರ್ಮಾಸದಲ್ಲಿ ಬೇಕು ಅಂದಾಗ ಆತ ಎರಡು ಸಲ ತಾರೀಕು ಕೇಳಿದ. ಮದುವೆ ಸೀಸನ್ನಿನ ಬಾಡಿಗೆಯಲ್ಲಿ ಅರ್ಧಕ್ಕೆ ಒಪ್ಪಿಕೊಂಡ. ಸೂರು ಇದೆ, ಚಳಿ ಇಲ್ಲ, ಶೌಚಾಲಯ ಹೆಂಗಸರಿಗೆ ಬೇರೆ, ಹಳೇ ಕಾಲದ ದೊಡ್ಡ ಅಡುಗೆಮನೆ. ಮಕ್ಕಳು ವೇದಿಕೆ ಮೇಲೆ ಓಡಾಡ್ಕೊಂಡಿದ್ವು, ವಧು-ವರರ ಸಿಂಹಾಸನದ ಮೇಲೆ ಕೂತು ನಮ್ಮ ಸೆಕ್ಯುರಿಟಿ ಅಣ್ಣ ಹೆಂಡತಿ ಜೊತೆ ಫೋಟೋ ತೆಗೆಸ್ಕೊಂಡ. ಮದುವೆಯಾಗಿ ಇಪ್ಪತ್ತೆರಡು ವರ್ಷವಂತೆ, ಮದುವೇಲಿ ಫೋಟೋನೇ ತೆಗೆಸಿರಲಿಲ್ಲವಂತೆ.

ಎಲ್ಲಾ ಮಂಟಪದಲ್ಲೂ ಬಾಡೂಟ ಒಪ್ಪಲ್ಲ, ಮೊದಲೇ ಕೇಳು. ಬೀಗರ ಊಟಕ್ಕೆ ಕೊಡ್ತೀರಾ ಅಂತ ಕೇಳಿದ್ರೆ ಸಾಕು, ಅವರಿಗೆ ಎಲ್ಲಾ ಅರ್ಥ ಆಗುತ್ತೆ. ಅಡುಗೆಗೆ ಬೀಗರ ಊಟ ಮಾಡೋರನ್ನೇ ಕರೆಸು: ಮುದ್ದೆ, ಬೋಟಿ ಗೊಜ್ಜು, ಚಾಪ್ಸು, ಬಿರಿಯಾನಿ, ಅನ್ನ, ತಿಳಿಸಾರು. ಸಸ್ಯಾಹಾರಕ್ಕೆ ಬೇರೆ ಭಟ್ಟರು, ಬೇರೆ ಒಲೆ, ಬೇರೆ ಪಂಕ್ತಿ, ಸಾಧ್ಯವಾದ್ರೆ ಮೇಲಿನ ಮಹಡಿ. ಅವರಿಗೆ ಪನ್ನೀರು ಹಾಕಿ ಕೈತೊಳ್ಕೋಬೇಡ. ಅವರೆ ಕಾಲ ಕಣೋ ಇದು, ಹಿದುಕಿದವರೆ ಸಾರು, ಬಿಸಿ ಹೋಳಿಗೆ ಮಾಡಿಸು. ಹೋದ ವರ್ಷ ಬಾಡು ತಿಂದೋರು ಮತ್ತೆ ಮೇಲೆ ಹತ್ತಿ ಹೋಗಿ ಆ ಸಾರಲ್ಲಿ ಇನ್ನೊಂದು ಮುದ್ದೆ ಮುರಿದಿದ್ರು.

ತಾರೀಕಿಗೆ ಬಾ. ಸೋಮವಾರ, ಶನಿವಾರ ನಿಮ್ಮಲ್ಲಿ ಅರ್ಧ ಜನ ಬಾಡು ಮುಟ್ಟಲ್ಲ. ಭಾನುವಾರ ಸರಿಯಾದ ದಿನ, ಆದ್ರೆ ವಾರಕ್ಕೊಂದು ರಜಾ, ಅದನ್ನೂ ಕಿತ್ಕೊಂಡು ಊಟ ಹಾಕೋದು ಮರ್ಯಾದೆ ಅಲ್ಲ ಅನ್ನೋದು ನನ್ನ ಹಠ. ಕ್ರಿಸ್‌ಮಸ್ ವಾರ ಬೇಡ, ಚರ್ಚಿಗೆ ಹೋಗೋರು ಹೋಗಲಿ. ಅರಮನೆ ಫಲಪುಷ್ಪ ಪ್ರದರ್ಶನಕ್ಕೂ ಆ ವಾರ ಜನ ಮುಗಿಬಿದ್ದು ಮೈಸೂರಲ್ಲಿ ಗಾಡಿ ಅಲುಗಾಡಲ್ಲ. 30ಕ್ಕೆ ವೈಕುಂಠ ಏಕಾದಶಿ. ಮಿಕ್ಕಿದ್ದು ಯಾವುದು? ಡಿಸೆಂಬರ್ 17, ಬುಧವಾರ. ಫಸ್ಟ್ ಶಿಫ್ಟು ಎರಡಕ್ಕೆ ಬದಲು ಹನ್ನೆರಡಕ್ಕೇ ಬಿಡಿಸು, ಸೆಕೆಂಡ್ ಶಿಫ್ಟಿಗೆ ರಜಾ ಕೊಡಿಸು, ಹನ್ನೆರಡೂವರೆಗೆ ಎಲೆ ಹಾಕಿಸು. ಭಾಷಣ ಊಟ ಆದಮೇಲೆ. ಹಸಿದೋರ ಮುಂದೆ ಮಾತಾಡೋಕೆ ನಿಮ್ಮ ಸಾಹೇಬರಿಗೆ ಅವಕಾಶವೇ ಕೊಡಬೇಡ. ಐದಕ್ಕೆಲ್ಲ ಎಲ್ಲರೂ ಬಸ್ಸಲ್ಲಿರ್ತಾರೆ.

ಎಣ್ಣೆ ಬೇಕೇಬೇಕು ಅಂತ ಮೇಲಿನವರು ಹಿಡಿದ್ರೆ, ಅಬಕಾರಿ ಇಲಾಖೆಯಿಂದ ಒಂದು ದಿನದ ಸಿಎಲ್-5 ಲೈಸೆನ್ಸ್ ತರಬೇಕು ಅಂತ ಅರ್ಜಿ ಅವರ ಮುಂದಿಡು. ಸಹಿ ಹಾಕೋಕೆ ಯಾರು ಮುಂದೆ ಬರ್ತಾರೆ ನೋಡೋಣ.

ಬಿಲ್ಲಿನ ವಿಷಯ ಎರಡು ಮಾತು. ಮಂಟಪದ ಬಾಡಿಗೆ ಅಂದ್ರೆ ಬಾಡಿಗೆ ಅಷ್ಟೇ ಅಲ್ಲ. ಕರೆಂಟು ಮೀಟರ್ ಲೆಕ್ಕ, ಜನರೇಟರ್ ಡೀಸೆಲ್ಲು, ಕ್ಲೀನಿಂಗು, ಪಾತ್ರೆ, ಎಲ್ಲಾ ಬೇರೆ ಬೇರೆ. ಬೀಗ ತೆಗೆದ ತಕ್ಷಣ ಮೀಟರಿನ ಫೋಟೋ ಹೊಡ್ಕೋ. ಊಟದ ಲೆಕ್ಕ ಹಾಕುವಾಗ ಕಾಂಟ್ರಾಕ್ಟ್ ಹುಡುಗರು, ಕ್ಯಾಂಟೀನಿನವರು, ಗೇಟಲ್ಲಿ ಕೂತೋರು ನಿಮ್ಮ ಪುಸ್ತಕದಲ್ಲಿ ಇರಲ್ಲ, ಅವರ ಏಜೆನ್ಸಿ ಪುಸ್ತಕದಲ್ಲಿರ್ತಾರೆ. ಆ ಲಿಸ್ಟು ಈಗಲೇ ತರಿಸ್ಕೋ. ಅವತ್ತು ಗೇಟು ಕಾಯೋ ಇಬ್ಬರಿಗೆ ಬಿಸಿ ಬಿಸಿಯಾಗಿ ಕ್ಯಾರಿಯರ್ ಹೋಗಲಿ, ಉಳಿದಿದ್ದಲ್ಲ, ಮೊದಲ ಪಂಕ್ತಿಯದು.

ಆ ಟಿ. ನರಸೀಪುರದ ಅಮ್ಮ ಹೋದ ವರ್ಷ ಎರಡನೇ ಪಂಕ್ತಿಗೆ ಕೂತು ನಿಧಾನಕ್ಕೆ ಉಂಡ್ರು. ಎಲೆ ಮಡಿಸೋವಾಗ ನನ್ನ ಕಡೆ ನೋಡಿ, "ಈ ಸಲ ನಿಜಕ್ಕೂ ಆಯ್ತು ಸಾ" ಅಂದ್ರು.

ಶ್ರೀರಂಗಪಟ್ಟಣದಲ್ಲಿ, ಬಸ್ ಸ್ಟ್ಯಾಂಡಿಂದ ನಡೆಯೋ ದೂರದಲ್ಲಿ, ಬಾಡೂಟ ಒಪ್ಪೋ ಒಂದು ಮಂಟಪ ನನಗೆ ಗೊತ್ತು. ನಾಳೆ ಹನ್ನೊಂದರ ಮೇಲೆ ಫೋನ್ ಮಾಡಿ 17 ಖಾಲಿ ಇದೆಯಾ ಕೇಳ್ತೀನಿ. ಭಾನುವಾರ ನೋಡೋಕೆ ಹೋಗೋಣ, ನೀನು ಸ್ಟೇಷನ್ ಹತ್ರ ಇಳ್ಕೋ, ನಾನು ಬೈಕ್ ತರ್ತೀನಿ. ಬರ್ತಾ ನಿಮ್ಮ ಹೊಲದ ಸೊಗಡವರೆ ಎರಡು ಕೇಜಿ ತಗೊಂಬಾ, ನಮ್ಮನೆಯವಳು ಮೂರು ದಿನದಿಂದ ಕೇಳ್ತಿದ್ದಾಳೆ.

ನಿನ್ನ
ಹಳೇ ಬೆಂಚಿನವನು