ಲಿಸ್ಟ್ ಬರುವ ಮುಂಚೆ ಮಗಳಿಗೊಂದು ಪತ್ರ

ಪುಟ್ಟಿ,

ಭಾನುವಾರ ನೀನು ಫೋನ್ ಕಟ್ ಮಾಡಿದ ಮೇಲೆ ನಿಮ್ಮಮ್ಮ ನನ್ನ ಹತ್ತಿರ ಮಾತು ಬಿಟ್ಟಿದ್ದಾಳೆ. ತಟ್ಟೆಗೆ ಬಡಿಸುತ್ತಾಳೆ, ಒಳಗೆ ಹೋಗುತ್ತಾಳೆ, ಅಷ್ಟೇ. ಬಸ್ಸಿನ ಇಂಜಿನ್ ಸದ್ದಿನ ಮೇಲೆ ಮಾತಾಡಿ ಮಾತಾಡಿ ನನ್ನ ಗಂಟಲು ಜೋರಾಗಿಬಿಟ್ಟಿದೆ. ಫೋನಿನಲ್ಲಿ 'ಊಟ ಆಯ್ತಾ' ಅಂದರೂ ಬೈದ ಹಾಗೆ ಕೇಳುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ.

ವಾಯುಪಡೆಯ ಪೈಲಟ್ ಲಿಸ್ಟ್ ಬರುವ ಮುಂಚೆ ಬ್ಯಾಂಕ್ ಪರೀಕ್ಷೆಗೂ ಒಂದು ಅರ್ಜಿ ಹಾಕಿಡು ಅಂದೆ ನಾನು. 'ನಿಂಗೆ ನನ್ನ ಮೇಲೆ ನಂಬಿಕೆ ಇಲ್ಲ ಅಪ್ಪ' ಅಂದುಬಿಟ್ಟೆ ನೀನು.

ನಂಬಿಕೆ ಇಲ್ಲದೆ ಏನು? ಮೈಸೂರಿನ ಸೆಲೆಕ್ಷನ್ ಬೋರ್ಡಿನಿಂದ ಮೊದಲ ದಿನವೇ ಎಷ್ಟೋ ಮಕ್ಕಳು ಬ್ಯಾಗ್ ಹಿಡಿದು ವಾಪಸ್ ಹೊರಟರು ಅಂತ ನೀನೇ ಹೇಳಿದ್ದೆ. ಒಂದು ಪದ ತೋರಿಸಿ 15 ಸೆಕೆಂಡಿನಲ್ಲಿ ವಾಕ್ಯ ಬರೆ ಅಂತಾರಂತೆ, ಹಾಗೆ 60 ಪದ. ನಾನಾಗಿದ್ದರೆ ಅಷ್ಟರಲ್ಲಿ ಕನ್ನಡಕ ಹುಡುಕುತ್ತಾ ಇರುತ್ತಿದ್ದೆ. ಪೈಲಟ್ ಆಗಲು ಇನ್ನೊಂದು ಕಂಪ್ಯೂಟರ್ ಪರೀಕ್ಷೆ ಇದೆ, ಅದು ಜೀವಮಾನದಲ್ಲಿ ಒಂದೇ ಸಲ, ಫೇಲ್ ಆದರೆ ಪೈಲಟ್ ಆಸೆ ಬಿಟ್ಟ ಹಾಗೇ ಅಂತ ನಮ್ಮ ಡಿಪೋದಲ್ಲಿ ಎಲ್ಲರಿಗೂ ಪಾಠ ಮಾಡಿದ್ದೇನೆ. ಮೆಕ್ಯಾನಿಕ್‌ಗಳಿಗೂ ಈಗ ಬಾಯಿಪಾಠ. ಬೆಂಗಳೂರಿನ ಮೆಡಿಕಲ್‌ನಲ್ಲಿ ಕಾಲಿನ ಉದ್ದ ಕಡಿಮೆ ಅಂದರೂ 99 ಸೆಂ.ಮೀ. ಇರಬೇಕು ಅಂದರಂತಲ್ಲ, ಅದನ್ನು ಮಾತ್ರ ನಿಮ್ಮಜ್ಜಿ ಕೇಳಬೇಕಿತ್ತು. 'ಈ ಹುಡುಗಿಗೆ ಎಷ್ಟು ಉದ್ದ ಲಂಗ ಹೊಲಿಸಿದರೂ ಗಿಡ್ಡ' ಅಂತ ಗೊಣಗುತ್ತಿದ್ದರು ಪಾಪ.

ನಮ್ಮ ಮರ್ಲೆಯ ಮೇಘನಾ ಶಾನಭಾಗ್ 2018ರಲ್ಲಿ ಫೈಟರ್ ಪೈಲಟ್ ಆದಾಗ ನೀನು ಪೇಪರಿನ ಫೋಟೋ ಕತ್ತರಿಸಿ ಬೀರು ಬಾಗಿಲಿಗೆ ಅಂಟಿಸಿದ್ದೆ. ಬೀರುವಿನ ಪೇಂಟ್ ಹಾಳಾಯ್ತು ಅಂತ ನಿಮ್ಮಮ್ಮ ಕೂಗಾಡಿದಳು. ಆ ಫೋಟೋ ಇನ್ನೂ ಅಲ್ಲೇ ಇದೆ, ಯಾರೂ ತೆಗೆದಿಲ್ಲ.

ಆದರೆ ಬೋರ್ಡಿನವರು ರೆಕಮೆಂಡ್ ಮಾಡಿದ್ದಾರೆ ಅಂದ ಮಾತ್ರಕ್ಕೆ ಮುಗಿಯಲಿಲ್ಲ ಅಂದವಳೂ ನೀನೇ. ಇರುವ ಜಾಗ ನೋಡಿ, ಇಡೀ ದೇಶದ ಮಕ್ಕಳ ಮಾರ್ಕ್ಸ್ ಸೇರಿಸಿ ಮೆರಿಟ್ ಲಿಸ್ಟ್ ಮಾಡುತ್ತಾರೆ. ಎಲ್ಲದರಲ್ಲೂ ಪಾಸಾದವರೂ ಆ ಲಿಸ್ಟಿನಿಂದ ಹೊರಗೆ ಉಳಿದುಬಿಡಬಹುದು. ಅದಕ್ಕೆ ಬ್ಯಾಂಕ್ ಅಂದೆ. ಸರಿ, ಅದಕ್ಕೆ ಮಾತ್ರ ಅಲ್ಲ.

ಚಾರ್ಮಾಡಿ ಘಾಟಿಯ ಆ ರಾತ್ರಿ ವಿಷಯ ಮನೆಯಲ್ಲಿ ಪೂರ್ತಿ ಹೇಳಿರಲಿಲ್ಲ. ಮಂಜು ಜಾಸ್ತಿ ಇತ್ತು, ಲೇಟಾಯ್ತು ಅಂತಷ್ಟೇ ಹೇಳಿದ್ದೆ. ನೀನಾಗ ಚಿಕ್ಕವಳು. ಪುನರ್ವಸು ಮಳೆ ಹಿಡಿದು ಕೂತಿತ್ತು. ಧರ್ಮಸ್ಥಳದ ಬಸ್ಸು. ಕೊಟ್ಟಿಗೆಹಾರದಲ್ಲಿ ಟೀ ಕುಡಿದು ಹೊರಟಾಗ ಮಂಜು ಮಾಮೂಲಿಯಷ್ಟೇ. ಘಾಟಿ ಇಳಿಯಲು ಶುರು ಮಾಡಿ ನಾಲ್ಕು ತಿರುವು ಆಗಿರಬೇಕು, ವೈಪರ್ ಆಚೆ ಏನೇನೂ ಇಲ್ಲ. ಹೆಡ್‌ಲೈಟ್ ಹೈ ಮಾಡಿದರೆ ಬೆಳಕು ತಿರುಗಿ ನನ್ನ ಕಣ್ಣಿಗೇ ಹೊಡೆಯುತ್ತಿತ್ತು. ಡಿಮ್ ಮಾಡಿದರೆ ಬಂಪರ್‌ವರೆಗೆ ಕಂಡರೆ ಹೆಚ್ಚು. ಎಡಕ್ಕೆ ಪ್ರಪಾತ, ಬಲಕ್ಕೆ ಧರೆ. ಆ ಧರೆ ಯಾವಾಗ ಜರಿಯುತ್ತದೋ ಗೊತ್ತಿಲ್ಲ, ಹಾಗಾಗಿ ನಿಲ್ಲಿಸಿಕೊಂಡು ಕೂರುವಂತೆಯೂ ಇಲ್ಲ. ಹಿಂದೆ ಲಾರಿ ಬಂದರೆ ಇನ್ನೊಂದು ಕಥೆ.

ನಮ್ಮ ಕಂಡಕ್ಟರ್ ಕೆಳಗಿಳಿದ. ಒಬ್ಬ ಪ್ರಯಾಣಿಕರ ಹತ್ತಿರ ಗೊಬ್ಬರ ಚೀಲದ ಕೊಪ್ಪೆ ಇಸ್ಕೊಂಡು ತಲೆಗೆ ಹಾಕಿಕೊಂಡ. ಟಾರ್ಚ್ ಹಿಡಿದು ಬಸ್ಸಿನ ಮುಂದೆ ನಡೆದ. ಸ್ವಲ್ಪ ಹೊತ್ತಿಗೆ ಆ ಟಾರ್ಚೂ ಕಾಣದಾಯ್ತು. ಆಮೇಲೆ ವಿಷಲ್ ಒಂದೇ. ಒಂದು ವಿಷಲ್ ಅಂದರೆ ನಿಲ್ಲು, ಎರಡು ಅಂದರೆ ಬಾ. ನಾನು ಪಕ್ಕದ ಗಾಜು ಇಳಿಸಿ, ತಲೆ ಹೊರಗೆ ಹಾಕಿ, ಮಳೆಯಲ್ಲಿ ನೆನೆಯುತ್ತಾ ಫಸ್ಟ್ ಗೇರಿನಲ್ಲಿ ಬಸ್ಸು ಇಳಿಸಿದೆ. ಬಸ್ಸಿನೊಳಗೆ ಒಬ್ಬರ ಉಸಿರೂ ಇಲ್ಲ. ಒಂದು ತಿರುವಿನಲ್ಲಿ ವಿಷಲ್ ಕೇಳಲಿಲ್ಲ. ಬ್ರೇಕ್ ಮೇಲೆ ಕಾಲಿಟ್ಟು ಕಾದೆ. ಅವನು ಜಾರಿ ಬಿದ್ದಿದ್ದನಂತೆ, ಎದ್ದು ಬಾಯಿಯ ಕೆಸರು ಉಗಿದು ಮತ್ತೆ ಊದಿದ. ಆ ಮಧ್ಯದ ಹೊತ್ತು ಇದೆಯಲ್ಲ, ಅದು ಈಗಲೂ ನಿದ್ದೆಯಲ್ಲಿ ಬರುತ್ತದೆ. ಕಾಲು ಒತ್ತಿಕೊಂಡೇ ಏಳುತ್ತೇನೆ. ನಿಮ್ಮಮ್ಮನಿಗೆ ಕಾಲು ಸೆಳೆತ ಅಂತ ಹೇಳಿದ್ದೇನೆ.

ಹೋದ ಸಲ ನೀನು ಊರಿಗೆ ಬಂದಾಗ, ಮೋಡದೊಳಗೆ ಹೋದರೆ ಪೈಲಟ್‌ಗೆ ಹೇಗೆ ಗೊತ್ತಾಗುತ್ತದೆ ಅಂತ ಸುಮ್ನೆ ಕೇಳಿದ ಹಾಗೆ ಕೇಳಿದೆನಲ್ಲ, ಸುಮ್ನೆ ಕೇಳಿದ್ದಲ್ಲ. ನೀನು ತಟ್ಟೆ ಪಕ್ಕಕ್ಕಿಟ್ಟು ಹುರುಪಿನಿಂದ ವಿವರಿಸಿದೆ. ಹೊರಗೆ ಏನೂ ಕಾಣದಿದ್ದಾಗ ಒಳಕಿವಿ ಸುಳ್ಳು ಹೇಳುತ್ತದೆ, ವಿಮಾನ ಒಂದು ಕಡೆ ವಾಲುತ್ತಿದ್ದರೂ ನೆಟ್ಟಗೇ ಹೋಗ್ತಿದೆ ಅನ್ನಿಸುತ್ತದೆ, ಮೈ ಏನೇ ಹೇಳಿದರೂ ಮುಂದಿನ ಮೀಟರ್‌ಗಳನ್ನೇ ನಂಬಬೇಕು ಅಂದೆ. ನಾನು ತಲೆ ಆಡಿಸಿದೆ. ಆದರೆ ನಾನು ಕಿವಿ ನಂಬಿ ಉಳಿದವನು ಪುಟ್ಟಿ. ನೀನು ಕಿವಿಯನ್ನೇ ನಂಬಬಾರದು ಅಂತೀಯ. ಮೋಡದಲ್ಲಿ ನಿನ್ನ ಮುಂದೆ ವಿಷಲ್ ಊದಿಕೊಂಡು ಯಾರು ನಡೆಯುತ್ತಾರೆ? ಬ್ರೇಕ್ ಒತ್ತಿ ಕಾಯುವುದಕ್ಕೂ ಆಗಲ್ಲ. ಬ್ಯಾಂಕು ಅಂತ ನನ್ನ ಬಾಯಿಗೆ ಬಂದದ್ದು ಅಲ್ಲಿಂದ.

ಉಪದೇಶ ಬರೆಯಬಾರದು ಅಂತಲೇ ಕೂತೆ. ಆದರೂ ಡ್ರೈವರ್ ಆಗಿ ಹೇಳುತ್ತೇನೆ, ಕೇಳು. ನಿದ್ದೆ ಸಾಲದಿದ್ದರೆ ಸಾಲಲಿಲ್ಲ ಅಂತ ಮೇಲಿನವರಿಗೆ ಹೇಳು, ನಾಚಬೇಡ. ದಾರಿ ಚೆನ್ನಾಗಿ ಗೊತ್ತು ಅನ್ನಿಸಿದ ದಿನ ಜಾಸ್ತಿ ಹುಷಾರಾಗಿರು. ನೆಲದ ಮೇಲೆ ಗಾಡಿ ನೋಡಿಕೊಳ್ಳುವ ಹುಡುಗರ ಹೆಸರು ತಿಳಿದುಕೊಂಡಿರು, ಅವರು ಬೋಲ್ಟ್ ಬಿಗಿ ಮಾಡಿದ್ದಕ್ಕೇ ನಾವು ಮನೆಗೆ ಬರುವುದು. ಸಿಟ್ಟಿನಲ್ಲಿ ಸ್ಟಿಯರಿಂಗ್ ಹಿಡಿಯಬೇಡ. ನಿಮ್ಮದರಲ್ಲಿ ಸ್ಟಿಯರಿಂಗ್ ಇಲ್ಲ, ಕಡ್ಡಿ ಇದೆ ಅಂತ ನಗಬೇಡ, ಅರ್ಥ ಆಯ್ತಲ್ಲ.

ಡುಂಡಿಗಲ್‌ನ ವಾಯುಪಡೆ ಅಕಾಡೆಮಿಗೆ ಹೋದ ಮೇಲೆ ಫೈಟರ್, ಹೆಲಿಕಾಪ್ಟರ್, ಸಾರಿಗೆ ವಿಮಾನ ಅಂತ ಹಂಚುತ್ತಾರಂತಲ್ಲ. ನಿನ್ನ ಮನಸ್ಸು ಫೈಟರ್ ಮೇಲೆ ಅಂತ ಗೊತ್ತು. ಸಾರಿಗೆ ಸಿಕ್ಕಿದರೆ ಈ ಅಪ್ಪ ಡಿಪೋಗೆಲ್ಲ ಸಿಹಿ ಹಂಚುತ್ತಾನೆ, ನೀನು ಮುಖ ಊದಿಸಿಕೊಂಡರೂ ಸರಿ. ನಿಮ್ಮಮ್ಮನ ಚಿಂತೆ ಬೇರೆ. 14 ವರ್ಷದ ಸರ್ವಿಸ್ ಅಂದದ್ದಕ್ಕೆ 'ರಾಮನ ವನವಾಸದಷ್ಟು' ಅಂದಳು. ಮದುವೆ ಮಾತು ಬರುತ್ತದೆ ಅಂತ ನಾನು ಎದ್ದು ಹೊರಗೆ ಬಂದೆ.

ಲಿಸ್ಟಿನಲ್ಲಿ ಹೆಸರು ಇಲ್ಲದಿದ್ದರೆ ಮತ್ತೆ ಪರೀಕ್ಷೆ ಬರೆ. ವಯಸ್ಸು 24 ದಾಟುವವರೆಗೆ ಬಾಗಿಲು ತೆರೆದಿದೆ. ಯಾರಾದರೂ ಏನಾಯ್ತು ಅಂತ ಕೇಳಿದರೆ ನನ್ನ ಹತ್ತಿರ ಕಳಿಸು, ನನ್ನ ಗಂಟಲು ಅದಕ್ಕಾದರೂ ಉಪಯೋಗಕ್ಕೆ ಬರಲಿ. ಬ್ಯಾಂಕ್ ಅರ್ಜಿ ವಿಷಯ ಬಿಟ್ಟೆ. ನಿನಗೇ ಹಾಕೋಣ ಅನ್ನಿಸಿದರೆ ಹಾಕು, ನಾನು ಹೇಳಿದೆ ಅಂತ ಬೇಡ.

ಇನ್ನೊಂದು. ಅಕಾಡೆಮಿಗೆ ಹೋಗುವ ಮುಂಚೆ ಈಜು ಕಲಿತಿದ್ದರೆ ಒಳ್ಳೆಯದು ಅಂತ ನೀನು ಅಂದಿದ್ದೆ. ನಿನ್ನ ಪಿಜಿ ಹತ್ತಿರ ಈಜುಕೊಳ ಇದೆಯಾ, ತಿಂಗಳಿಗೆ ಎಷ್ಟು ತಗೊಳ್ತಾರೆ, ಹೆಣ್ಣುಮಕ್ಕಳಿಗೆ ಬೇರೆ ಟೈಮ್ ಇದೆಯಾ ಕೇಳಿಕೊಂಡು ಮೆಸೇಜ್ ಮಾಡು. ಫೀಸ್ ನಾನು ಹಾಕುತ್ತೇನೆ. ಲಿಸ್ಟ್ ಬರಲಿ ಅಂತ ಕಾಯಬೇಡ, ಈ ತಿಂಗಳೇ ಸೇರಿಕೋ. ನಿಮ್ಮಮ್ಮನಿಗೆ ಈಗಲೇ ಹೇಳಬೇಡ, ನೀರು ಅಂದರೆ ಅವಳಿಗೆ ಆಗಲ್ಲ.

ನಿನ್ನ
ಅಪ್ಪ
ಚಿಕ್ಕಮಗಳೂರು