ಫೇರೋ ಲೀಗ್ ಅಂಕಪಟ್ಟಿ ತುಂಬುವವರಿಗೆ

ಸದಸ್ಯರೇ, ಉತ್ತರ ಅಟ್ಲಾಂಟಿಕ್‌ನ ಫೇರೋ ದ್ವೀಪಗಳ ಫುಟ್‌ಬಾಲ್ ಲೀಗ್‌ನ ಹಳೆಯ ಋತುಗಳನ್ನು ದಾಖಲಿಸುವಾಗ ಹೆಸರಿನ ಬಗ್ಗೆ ಬಹಳ ಎಚ್ಚರ ಬೇಕು. 1976ರಿಂದ 2004ರವರೆಗೆ ‘1. ಡೈಲ್ಡ್’ ಎಂದರೆ ಅಗ್ರ ದರ್ಜೆ. ಈಗ ಅದೇ ಹೆಸರು ಎರಡನೇ ದರ್ಜೆಗೆ ಹೋಗಿದೆ. ವರ್ಷ ನೋಡದೆ ನಕಲು ಮಾಡಿದರೆ ಚಾಂಪಿಯನ್ನರ ಪಟ್ಟಿಯೇ ಕೆಡುತ್ತದೆ. ಲೀಗ್ ಶುರುವಾದದ್ದು 1942ರಲ್ಲಿ. 1944ರ ಸಾಲು ಖಾಲಿ ಬಿಡಿ, ಆ ವರ್ಷ ಟೂರ್ನಿಯೇ ನಡೆಯಲಿಲ್ಲ.

10 ತಂಡಗಳು ಪರಸ್ಪರ ಮೂರು ಸಲ ಆಡಿದರೆ ತಲಾ 27 ಪಂದ್ಯ. ಸಂಖ್ಯೆ ಬೆಸವಾದ್ದರಿಂದ ಅರ್ಧ ತಂಡಗಳಿಗೆ ತವರಿನಲ್ಲಿ 14, ಉಳಿದವಕ್ಕೆ 13. ಇದನ್ನು ತಪ್ಪೆಂದು ತಿದ್ದಬೇಡಿ! ಎರಡನೇ ದರ್ಜೆಯಲ್ಲಿ ದೊಡ್ಡ ಕ್ಲಬ್‌ಗಳ ಮೀಸಲು ತಂಡಗಳೂ ಆಡುತ್ತವೆ, ಆದರೆ ಅವು ಎಷ್ಟೇ ಮೇಲಿದ್ದರೂ ಬಡ್ತಿ ಪಡೆಯುವಂತಿಲ್ಲ. ಹಾಗಾಗಿ ಮೂರನೇ ಸ್ಥಾನದ ತಂಡ ಮೇಲೇರಿದ್ದು ಕಂಡರೆ ಗಾಬರಿ ಬೇಡ.

ಸಮಯ: ಭಾರತೀಯ ಸಮಯ ಬರೆಯಲು ಬೇಸಿಗೆಯಲ್ಲಿ ಅಲ್ಲಿನ ಗಡಿಯಾರಕ್ಕೆ ನಾಲ್ಕೂವರೆ ಗಂಟೆ ಸೇರಿಸಿ. ಮಾರ್ಚ್ ಕೊನೆಯ ಭಾನುವಾರಕ್ಕೆ ಮುಂಚಿನ ಆರಂಭದ ಪಂದ್ಯಗಳಿಗೆ ಐದೂವರೆ.

2023ರಲ್ಲಿ ಕ್ಲಾಕ್ಸ್‌ವಿಕ್‌ನ ಕೆಐ ತಂಡ ಹಂಗೇರಿಯ ಫೆರೆಂಕ್‌ವಾರೋಸ್‌ಗೆ ಅವರ ಅಂಗಳದಲ್ಲೇ 3-0 ಸೋಲುಣಿಸಿ, ಮುಂದೆ ಯುರೋಪಿನ ಕ್ಲಬ್‌ಗಳ ಟೂರ್ನಿಯಾದ ಕಾನ್ಫರೆನ್ಸ್ ಲೀಗ್‌ನ ಗುಂಪು ಹಂತ ತಲುಪಿದ ಮೊದಲ ಫೇರೋ ತಂಡವಾಯಿತು. ಈ ಸಾಧನೆಗೆ ಪ್ರತ್ಯೇಕ ಹಾಳೆಯೇ ಇರಲಿ.