ಆ ನಾಲ್ಕು ನಾಣ್ಯ ನಿನ್ನ ಕೈಯಲ್ಲೇ ನಿಲ್ಲಲಿ

ಕುಂಬಳೆ

ಚಿ. ಅಳಿಯನಿಗೆ ಮಾವನ ಆಶೀರ್ವಾದಗಳು.

ಇಲ್ಲಿ ಎಲ್ಲರೂ ಕ್ಷೇಮ. ಪೆರ್ಲದಲ್ಲಿ ನಿನ್ನಮ್ಮನ ಮೊಣಗಂಟು ನೋವು ಸ್ವಲ್ಪ ಇಳಿದಿದೆಯೆಂದು ಕೇಳಿ ಸಮಾಧಾನವಾಯಿತು.

ಆದಿತ್ಯವಾರ ರಾತ್ರಿ ನೀನು ಫೋನು ಮಾಡಿದಾಗ ನಾನು ಹೆಚ್ಚು ಮಾತಾಡಲಿಲ್ಲ. ಮಾವನಿಗೆ ಸಿಟ್ಟು ಬಂತೇನೋ ಎಂದು ನಿನಗೆ ಅನಿಸಿರಬಹುದು. ಸಿಟ್ಟಲ್ಲ. ನಿನ್ನ ಅತ್ತೆ ಪಕ್ಕದಲ್ಲೇ ಕೂತು ವೀಳ್ಯದೆಲೆ ಒರೆಸುತ್ತಿದ್ದಳು. ನಾನು ನಿನಗೆ ಹೇಳಬೇಕಾದ ಸಂಗತಿ ಅವಳಿಗೂ ಇವತ್ತಿನವರೆಗೆ ಗೊತ್ತಿಲ್ಲ. ಅದಕ್ಕೇ ಕಾಗದ ಬರೆಯಲು ಕೂತೆ. ನಿಧಾನವಾಗಿ ಓದು.

ಆನ್‌ಲೈನಿನಲ್ಲಿ ಒಂಬತ್ತು ನಾಣ್ಯ ತರಿಸಿದೆ, ಮಂಗಳೂರಿನಲ್ಲಿ ತಿಳಿದವರಿಗೆ ತೋರಿಸಿದರೆ ನಾಲ್ಕು ಖೋಟಾ ಎಂದರು, ಹನ್ನೊಂದು ಸಾವಿರ ಹೋಯಿತು ಎಂದೆ. ಅಷ್ಟೇ ಆಗಿದ್ದರೆ ನನ್ನ ನಿದ್ದೆ ಕೆಡುತ್ತಿರಲಿಲ್ಲ. ಕೊನೆಗೆ ಒಂದು ಮಾತು ಸೇರಿಸಿದೆಯಲ್ಲ: 'ಪರವಾಗಿಲ್ಲ ಮಾವಾ, ಯಾವುದಾದರೂ ಗುಂಪಿನಲ್ಲಿ ಹಾಕಿ ಯಾರಿಗಾದರೂ ದಾಟಿಸಿಬಿಡುತ್ತೇನೆ, ಅರ್ಧವಾದರೂ ಹುಟ್ಟೀತು.' ಈ ಕಾಗದವೆಲ್ಲ ಆ ಒಂದು ಮಾತಿಗಾಗಿ.

ದಾಟಿಸಬೇಡ. ಯಾಕೆಂದು ನನ್ನದೇ ಕತೆಯಿಂದ ಹೇಳುತ್ತೇನೆ.

1983ರ ಕುಂಬಳೆ ಬೆಡಿ, ಎಂದರೆ ಜಾತ್ರೆಯ ಸಿಡಿಮದ್ದಿನ ದಿನ. ನಾನಾಗ ಸಹಕಾರಿ ಬ್ಯಾಂಕಿನ ಕೌಂಟರಿನಲ್ಲಿ ಕೂರುತ್ತಿದ್ದ ಹೊಸ ಹುಡುಗ. ಸಂತೆಯಲ್ಲಿ ಒಬ್ಬ ಚಾಪೆ ಹಾಸಿ ಹಳೆ ನಾಣ್ಯ ಹರವಿಕೊಂಡು ಕೂತಿದ್ದ. ಅದರಲ್ಲಿ ಆರನೇ ಜಾರ್ಜನ 1939ರ ರೂಪಾಯಿ ಇತ್ತು. 1938ರದು ಬೇಕಾದಷ್ಟು ಸಿಗುತ್ತದೆ, 1939ರದು ಸಿಗುವುದಿಲ್ಲ ಎನ್ನುವುದು ನನಗೆ ಆಗಲೇ ಗೊತ್ತಿತ್ತು. ಬ್ಯಾಂಕಿನ ಚಿನ್ನದ ತಕ್ಕಡಿಯಲ್ಲಿ ಮರುದಿನ ತೂಗಿದೆ, ತೂಕ ಸರಿ. ಒರೆಗಲ್ಲಿಗೆ ಅಂಚು ತಾಗಿಸಿದೆ, ಬೆಳ್ಳಿ ಸರಿ. ಕಲ್ಲಿನ ಮೇಲೆ ಹಾಕಿದರೆ ನಾದವೂ ಸರಿ. ಮುನ್ನೂರು ರೂಪಾಯಿ ಕೊಟ್ಟದ್ದಕ್ಕೆ ತಿಂಗಳಿಡೀ ಹಿಗ್ಗಿದೆ.

ಆರು ತಿಂಗಳ ಮೇಲೆ ಗಡಿಯಾರ ರಿಪೇರಿಯವನ ಭೂತಗನ್ನಡಿ ಕೈಗೆ ಸಿಕ್ಕಿತು. ಇಸವಿಯ ಕೊನೆಯ ಅಂಕೆ ನೋಡಿದೆ. ಅದು 9 ಆಗಿರಲಿಲ್ಲ. 8ರ ಕೆಳಗಿನ ಸುತ್ತಿನಲ್ಲಿ ಎಡಬದಿಯನ್ನು ಸೂಜಿಮೊನೆಯಿಂದ ಕೆತ್ತಿ ತೆಗೆದಿದ್ದರು. ಕೆತ್ತಿದ ಜಾಗದ ಬೆಳ್ಳಿ ಮಾತ್ರ ಸುತ್ತಲಿನದಕ್ಕಿಂತ ಬೆಳ್ಳಗೆ, ಒಂದೇ ದಿಕ್ಕಿಗೆ ಹೋದ ಕೂದಲೆಳೆಯಂಥ ಗೀರುಗಳು. ನಾಣ್ಯ ಅಸಲು, ಇಸವಿ ಸುಳ್ಳು. ತಕ್ಕಡಿ, ಒರೆಗಲ್ಲು ಏನು ಮಾಡಿಯಾವು?

ಆಮೇಲೆ ನಾನು ಮಾಡಿದ್ದು ಈಗ ನೀನು ಮಾಡಹೊರಟಿರುವುದನ್ನೇ. ಊರಿಗೆ ಹೊಸತಾಗಿ ಬಂದ ಒಬ್ಬ ಮೇಷ್ಟ್ರಿಗೆ ನಾಣ್ಯದ ಹುಚ್ಚು. ಸಂಬಳದ ದಿನ ಕೌಂಟರಿಗೆ ಬಂದವರು ನನ್ನ ಹತ್ತಿರ ಏನಾದರೂ ಇದೆಯೇ ಎಂದು ಕೇಳಿದರು. ಕೊಟ್ಟೆ, ನಾನೂರೈವತ್ತು ತೆಗೆದುಕೊಂಡೆ. 'ನೀವು ಕೊಡುವುದಾದರೆ ನಾನು ಪರೀಕ್ಷೆ ಮಾಡುವ ಅಗತ್ಯವಿಲ್ಲ' ಎಂದು ಎಣಿಸಿ ಕೊಟ್ಟರು ಪುಣ್ಯಾತ್ಮ.

ಹದಿನಾಲ್ಕು ವರ್ಷದ ಮೇಲೆ ಅದೇ ನಾಣ್ಯವನ್ನು ಹತ್ತಿಯಲ್ಲಿ ಸುತ್ತಿ ಬೆಂಕಿಪೆಟ್ಟಿಗೆಯಲ್ಲಿಟ್ಟು ನನ್ನ ಮನೆಗೆ ತಂದರು. ಮಗಳ ಮದುವೆ ಗೊತ್ತಾಗಿತ್ತು. ಮಾರಲು ಕೊಂಡುಹೋದಲ್ಲಿ ವ್ಯಾಪಾರಿ ಇದು ಸುಳ್ಳು ಎಂದನಂತೆ. 'ಅವ ನನ್ನನ್ನು ಮೋಸ ಮಾಡಲಿಕ್ಕೆ ನೋಡುತ್ತಿದ್ದಾನೆ ಅಲ್ಲವೇ? ನಿಮಗೆ ಗೊತ್ತುಂಟಲ್ಲ, ನೀವೇ ಹೇಳಿ' ಎಂದು ನನ್ನ ಮುಖ ನೋಡಿದರು.

ಹೇಳಿದೆ. ತಲೆ ತಗ್ಗಿಸಿಯೇ ಹೇಳಿದೆ. ಬಡ್ಡಿ ಸೇರಿಸಿ ಹಣ ಮುಂದಿಟ್ಟೆ. ಅವರು ಒಂದು ಮಾತೂ ಆಡದೆ ಹಣ ತೆಗೆದುಕೊಂಡರು, ಬೆಂಕಿಪೆಟ್ಟಿಗೆಯನ್ನು ಮೇಜಿನ ಮೇಲೇ ಬಿಟ್ಟು ಹೋದರು. ಆಮೇಲೆ ನಾನು ನಿವೃತ್ತನಾಗುವವರೆಗೂ ಅವರು ಬ್ಯಾಂಕಿಗೆ ಬರುತ್ತಿದ್ದರು, ಆದರೆ ನನ್ನ ಸಾಲಿನಲ್ಲಿ ನಿಲ್ಲಲಿಲ್ಲ. ಪಕ್ಕದ ಸಾಲು ಎಷ್ಟು ಉದ್ದವಿದ್ದರೂ ಅಲ್ಲೇ ನಿಲ್ಲುತ್ತಿದ್ದರು.

ಚಾಪೆ ಹಾಸಿ ಕೂತಿದ್ದವ ನನಗೆ ಮಾಡಿದ ಮೋಸ ಮುನ್ನೂರು ರೂಪಾಯಿಯದು, ಅದನ್ನು ನಾನು ಎಂದೋ ಮರೆತೆ. ಈ ಇನ್ನೊಂದನ್ನು ಮರೆಯಲು ಆಗಿಲ್ಲ. ನಿನ್ನ ಗುಂಪಿನಲ್ಲಿ ಕೊಳ್ಳುವವನ ಮುಖ ನಿನಗೆ ಕಾಣುವುದಿಲ್ಲ, ಅಷ್ಟೇ ವ್ಯತ್ಯಾಸ. ಅವನೂ ನಿನ್ನಂತೆಯೇ ಸಂಬಳದಲ್ಲಿ ಉಳಿಸಿ ಕೊಳ್ಳುವ ಹುಡುಗನೇ ಆಗಿರುತ್ತಾನೆ. ಒಳ್ಳೆಯ ಚಾಲಿ ಅಡಿಕೆಯ ಗೋಣಿಗೆ ಒಂದು ಸೇರು ಕೆಟ್ಟ ಕರಿಗೋಟು ಅಡಿಕೆ ಬೆರೆಸಿದವರಲ್ಲ ನಿನ್ನ ಅಜ್ಜ. ಇನ್ನು ಕಾನೂನಿನ ಮಾತು: ತಿಳಿಯದೆ ಕೊಂಡವನು ನೀನು ಮೋಸಹೋದವನು. ತಿಳಿದೂ ಅಸಲೆಂದು ಮಾರಿದೆಯೋ, ಭಾರತೀಯ ನ್ಯಾಯ ಸಂಹಿತೆಯ 318ನೆಯ ಕಲಮಿನ ವಂಚನೆಯಲ್ಲಿ ನೀನೇ ಆರೋಪಿ.

ಈಗ ನೀನು ಕಳಿಸಿದ ಚಿತ್ರಗಳ ವಿಚಾರ. ರಾಮ, ಸೀತೆ, ಹನುಮಂತನ ಚಿತ್ರವಿದ್ದು ಇನ್ನೊಂದು ಬದಿಗೆ 'ಈಸ್ಟ್ ಇಂಡಿಯಾ ಕಂಪನಿ, ಯು.ಕೆ.ಎಲ್., ಒನ್ ಆಣಾ, 1818' ಎಂದಿರುವುದು ನಕಲಿ ಕೂಡ ಅಲ್ಲ. ನಕಲು ಆಗಬೇಕಾದರೆ ಅಸಲು ಇರಬೇಕಲ್ಲ? ಅಂಥ ನಾಣ್ಯವನ್ನು ಕಂಪನಿ ಯಾವತ್ತೂ ಅಚ್ಚು ಹಾಕಲಿಲ್ಲ. ಇದೇ ತರದ್ದು 1616, 1717 ಎಂದು ಇಸವಿ ಹಾಕಿಯೂ ಬರುತ್ತದೆ. 1616ರಲ್ಲಿ ಇಂಗ್ಲೆಂಡಿನ ರಾಯಭಾರಿ ಥಾಮಸ್ ರೋ ಜಹಾಂಗೀರನ ದರ್ಬಾರಿನಲ್ಲಿ ವ್ಯಾಪಾರದ ಪರವಾನಗಿಗಾಗಿ ಕಾದಿದ್ದ. ಆ ಕಾಲಕ್ಕೆ ಈ ದೇಶದಲ್ಲಿ ಕಂಪನಿ ಆಣೆ ಹೊಡೆಸುವುದೆಂದರೇನು? ಕಂಪನಿಯ ಆಡಳಿತಕ್ಕೆಲ್ಲ ಒಂದೇ ಬಗೆಯ ನಾಣ್ಯ ಬಂದದ್ದೇ 1835ರಲ್ಲಿ. ಒಂದಾಣೆ ಎಂಬ ಬಿಡಿ ನಾಣ್ಯ ಬಂದದ್ದು 1907ರಲ್ಲಿ, ಅದೂ ಅಂಚು ಬಾಗುಬಾಗಾದ ನಿಕ್ಕೆಲ್ ಮಿಶ್ರದ್ದು, ತಾಮ್ರದ್ದಲ್ಲ. ರಾಮಟಂಕಿ ಎಂದು ದೇವರ ಪೆಟ್ಟಿಗೆಯಲ್ಲಿ ಇಡುವ ಬಿಲ್ಲೆಗಳು ಬೇರೆ, ಅವು ಭಕ್ತಿಗೆ ಮಾಡಿದವು, ಹಣವಲ್ಲ. ರಾಮನ ಚಿತ್ರ ತೋರಿಸಿ ಭಕ್ತರ ಕಿಸೆಗೆ ಕೈ ಹಾಕುವುದನ್ನು ಕಂಡರೆ ನನಗೆ ಹೊಟ್ಟೆ ಉರಿಯುತ್ತದೆ.

1911ರ ರೂಪಾಯಿಯನ್ನು 'ಹಂದಿ ರೂಪಾಯಿ' ಎಂದು ಹೇಳಿ ಮಾರಿದರು ಎಂದೆ. ಆ ಕತೆ ನಿಜ. ಐದನೇ ಜಾರ್ಜನ ನಿಲುವಂಗಿಯ ಮೇಲಿದ್ದ ಸಣ್ಣ ಆನೆ ಜನರ ಕಣ್ಣಿಗೆ ಹಂದಿಯಂತೆ ಕಂಡು ಗಲಾಟೆಯಾಗಿ, ಮುಂದಿನ ವರ್ಷದ ನಾಣ್ಯದಲ್ಲಿ ಆನೆಯನ್ನು ತಿದ್ದಿದರು. ಆದರೆ ನಿನ್ನದರಲ್ಲಿ ಆ ಜಾಗದಲ್ಲಿ ಪ್ರಾಣಿಯೇ ಇಲ್ಲ, ಬರೀ ಒಂದು ಗಂಟು. ಅದು ಎರಕ ಹೊಯ್ದದ್ದು. ಅಸಲು ನಾಣ್ಯವನ್ನು ಅಚ್ಚಿನ ನಡುವೆ ಇಟ್ಟು ಒತ್ತುತ್ತಾರೆ, ಅಕ್ಷರದ ಅಂಚು ಚಾಕುವಿನಂತೆ ನಿಲ್ಲುತ್ತದೆ. ಎರಕದ್ದರಲ್ಲಿ ಅಕ್ಷರ ಕರಗಿದ ಬೆಲ್ಲದಂತೆ ಮೆತ್ತಗೆ, ಬಯಲು ಜಾಗದಲ್ಲಿ ಸೂಜಿ ಚುಚ್ಚಿದಂಥ ತೂತು, ಅಂಚಿನ ಸುತ್ತ ಬೆರಳುಗುರು ಆಡಿಸಿದರೆ ಎಲ್ಲೋ ಒಂದು ಕಡೆ ಬೆಸುಗೆಯ ಗೆರೆ ತಡೆಯುತ್ತದೆ. ತೂಕ 9.8 ಗ್ರಾಂ ಬಂತು ಎಂದೆಯಲ್ಲ. ಬ್ರಿಟಿಷರ ರೂಪಾಯಿಯ ತೂಕ ಒಂದು ತೊಲ, 11.66 ಗ್ರಾಂ. ಎಷ್ಟು ಸವೆದರೂ ಮುಖ ಇಷ್ಟು ಉಳಿದಿರುವಾಗ ಎರಡು ಗ್ರಾಂ ಹೋಗುವುದಿಲ್ಲ.

ತೂಕ ಸರಿಹೊಂದಿಸುವ ಖೋಟಾಗಾರರೂ ಇದ್ದಾರೆ. ಅದಕ್ಕೆ ನೀರಿನ ಪರೀಕ್ಷೆ ಕಲಿತುಕೋ. ನೂರರಲ್ಲೊಂದು ಗ್ರಾಂ ತೋರಿಸುವ ಸಣ್ಣ ಡಿಜಿಟಲ್ ತಕ್ಕಡಿ ಸಾಕು. ಮೊದಲು ನಾಣ್ಯವನ್ನು ಹಾಗೇ ತೂಗು. ಆಮೇಲೆ ತಕ್ಕಡಿಯ ಮೇಲೆ ಅರ್ಧ ಲೋಟ ನೀರಿಟ್ಟು ಸೊನ್ನೆಗೆ ತಾ. ನಾಣ್ಯಕ್ಕೆ ತೆಳ್ಳಗಿನ ನೂಲು ಕಟ್ಟಿ ನೀರಿನೊಳಗೆ ಪೂರ್ತಿ ಮುಳುಗುವಂತೆ ಇಳಿಬಿಡು, ತಳಕ್ಕೂ ಬದಿಗೂ ತಾಗಬಾರದು, ನಾಣ್ಯಕ್ಕೆ ಗುಳ್ಳೆ ಅಂಟಿರಬಾರದು. ಆಗ ತಕ್ಕಡಿ ತೋರಿಸುವ ಅಂಕೆಯಿಂದ ಮೊದಲಿನ ತೂಕವನ್ನು ಭಾಗಿಸು. 1862ರಿಂದ 1939ರವರೆಗಿನ ರೂಪಾಯಿಯಲ್ಲಿ ಹನ್ನೆರಡರಲ್ಲಿ ಹನ್ನೊಂದು ಪಾಲು ಬೆಳ್ಳಿ, ನೀರಿನಲ್ಲಿ 1.13ರ ಹತ್ತಿರ ತೋರಿಸಬೇಕು, ಭಾಗಿಸಿದರೆ 10.3 ಬರಬೇಕು. ಬೆಳ್ಳಿಯೇ ಇಲ್ಲದ ಜರ್ಮನ್ ಸಿಲ್ವರ್ ಎಂಬ ಮಿಶ್ರಲೋಹಕ್ಕೆ ಬೆಳ್ಳಿಯ ನೀರು ಕುಡಿಸಿದ್ದಾದರೆ ಉತ್ತರ ಒಂಬತ್ತನ್ನು ದಾಟುವುದಿಲ್ಲ. ನಾಣ್ಯಕ್ಕೆ ಒಂದು ಗೀರೂ ಬೀಳದ ಪರೀಕ್ಷೆ ಇದು. ನನ್ನಂತೆ ಒರೆಗಲ್ಲಿಗೆ ತಿಕ್ಕಬೇಡ. ಹುಣಸೆಹುಳಿ ಹಾಕಿ ಬೆಳಗಲಂತೂ ಬೇಡ. ಕಪ್ಪು ಹೋದರೆ ಅದರ ಬೆಲೆಯೂ ಹೋಯಿತು.

ಒಂದು ಸಂತೋಷದ ಸುದ್ದಿ. 1947ರ ಹುಲಿಯ ರೂಪಾಯಿ ಅಯಸ್ಕಾಂತಕ್ಕೆ ಅಂಟಿತು, ಅದೂ ಐದನೆಯ ಖೋಟಾ ಇರಬೇಕು ಎಂದು ಹೆದರಿದ್ದೆಯಲ್ಲ, ಹೆದರಬೇಡ. 1947ರ ರೂಪಾಯಿ ಬೆಳ್ಳಿಯದಲ್ಲ, ಶುದ್ಧ ನಿಕ್ಕೆಲ್. ಅದು ಅಂಟಲೇಬೇಕು, ಅಂಟದಿದ್ದರೆ ಸಂಶಯ ಪಡಬೇಕು.

ಟಿಪ್ಪುವಿನ ಆನೆ ಕಾಸಿನ ಬಗ್ಗೆ ಚಿತ್ರ ನೋಡಿ ತೀರ್ಪು ಹೇಳುವಷ್ಟು ನಾನು ಕಲಿತವನಲ್ಲ, ಮಂಗಳೂರಿನವರ ಮಾತನ್ನೇ ನಂಬು. ಆದರೆ ಮಾರಿದವನು ಇಸವಿಯನ್ನು ಎಡದಿಂದ ಬಲಕ್ಕೆ ಓದಿ 'ಇಷ್ಟನೇ ವರ್ಷ' ಎಂದು ಬರೆದಿದ್ದಾನೆ. ಟಿಪ್ಪು ಮೌಲೂದಿ ಎಂಬ ತನ್ನದೇ ಲೆಕ್ಕದ ವರ್ಷವನ್ನು ಬಲದಿಂದ ಎಡಕ್ಕೆ ಬರೆಸುತ್ತಿದ್ದ. ಮಾರುವವನಿಗೆ ಅದೇ ಗೊತ್ತಿಲ್ಲದಿದ್ದರೆ ಅವನ ಉಳಿದ ಮಾತಿಗೆ ಏನು ಆಧಾರ? ಮತ್ತೆ ನಿನ್ನ ನಾಲ್ಕನೆಯದು, ಅಷ್ಟು ಅಪರೂಪದ 1939ರ ರೂಪಾಯಿ, ಬರೀ ಆರು ಸಾವಿರಕ್ಕೆ! ಆ ಬೆಲೆಯೇ ಸಾಕ್ಷಿ ಹೇಳುತ್ತಿತ್ತು, ಮಗಾ.

ಹಣದ ದಾರಿ ನೋಡೋಣ. ಮೂರು ನಾಣ್ಯ ವೆಬ್‌ಸೈಟಿನಿಂದ ಕೊಂಡದ್ದು. ಅದರ ಕುಂದುಕೊರತೆ ಅಧಿಕಾರಿಗೆ ಬರವಣಿಗೆಯಲ್ಲೇ ದೂರು ಕೊಡು. 2020ರ ಇ-ಕಾಮರ್ಸ್ ನಿಯಮದಂತೆ 48 ಗಂಟೆಯೊಳಗೆ ದೂರು ಸಿಕ್ಕಿತೆಂದು ಒಪ್ಪಬೇಕು, ಒಂದು ತಿಂಗಳೊಳಗೆ ಪರಿಹರಿಸಬೇಕು. ಮಾರಾಟದ ಪುಟದಲ್ಲಿ 'ಅಸಲು' ಎಂದು ಬರೆದಿರುವುದನ್ನು ಅಳಿಸಿಹಾಕುವ ಮೊದಲೇ ಚಿತ್ರ ತೆಗೆದಿಟ್ಟುಕೋ. ತೂಕದ ಚಿತ್ರ, ಲಕೋಟೆ, ಬಿಲ್ಲು ಎಲ್ಲ ಒಟ್ಟಿಗಿರಲಿ. ನಾಣ್ಯ ವಾಪಸು ಕೇಳಿದರೆ ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ ರಶೀದಿ ಇಟ್ಟುಕೋ. ಬಗ್ಗದಿದ್ದರೆ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನು ಮಾಡು, ಆಮೇಲೆ ಗ್ರಾಹಕ ಆಯೋಗವಿದೆ. ಮಾರಿದವನು ಯಾವ ರಾಜ್ಯದಲ್ಲಿದ್ದರೂ ನೀನು ವಾಸವಿರುವ ಜಿಲ್ಲೆಯಲ್ಲೇ, ಎಂದರೆ ಕಾಸರಗೋಡಿನಲ್ಲೇ ದೂರು ಹಾಕಬಹುದು. ಐದು ಲಕ್ಷದವರೆಗೆ ಶುಲ್ಕವಿಲ್ಲ, ಎರಡು ವರ್ಷದೊಳಗೆ ಹಾಕಬೇಕು.

1939ರದ್ದು ವಾಟ್ಸಾಪಿನಲ್ಲಿ ಮಾತಾಡಿ ಯುಪಿಐಯಲ್ಲಿ ಹಣ ಕಳಿಸಿದ್ದು. ಅಲ್ಲಿ ನಡುವೆ ಯಾರೂ ಇಲ್ಲ. ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನು ಮಾಡಿ ದೂರು ದಾಖಲಿಸು, ಇವತ್ತೇ ಮಾಡು, ತಡವಾದಷ್ಟು ಹಣ ಕೈಗೆ ಸಿಗದ ಜಾಗಕ್ಕೆ ಹೋಗುತ್ತದೆ. ಬಾರದೆಯೂ ಇರಬಹುದು. ಆ ಆರು ಸಾವಿರವನ್ನು ಮತ್ತೊಬ್ಬನ ತಲೆಯ ಮೇಲೆ ಹಾಕುವುದಕ್ಕಿಂತ ಕಳೆದುಕೊಳ್ಳುವುದೇ ಲೇಸು. ನಿನ್ನ ನಂಬರು ಈಗ ಇಂಥವರ ಪಟ್ಟಿಯಲ್ಲಿ ಇರುತ್ತದೆ. 'ನಿಮ್ಮ ಹಳೆ ನಾಣ್ಯಕ್ಕೆ ಐದು ಲಕ್ಷ ಕೊಡುತ್ತೇವೆ, ಮೊದಲು ನೋಂದಣಿ ಶುಲ್ಕ ಕಟ್ಟಿ' ಎಂದು ರಿಸರ್ವ್ ಬ್ಯಾಂಕಿನ ಹೆಸರು ಹೇಳಿಕೊಂಡು ಯಾರಾದರೂ ಬಂದಾರು. ತಾನು ಅಂಥ ವ್ಯವಹಾರ ಮಾಡುವುದಿಲ್ಲ, ಶುಲ್ಕ ಕೇಳುವುದಿಲ್ಲ ಎಂದು ರಿಸರ್ವ್ ಬ್ಯಾಂಕು 2021ರ ಆಗಸ್ಟಿನಲ್ಲೇ ಎಚ್ಚರಿಸಿದೆ.

ನಾಣ್ಯದ ಹುಚ್ಚು ಬಿಡು ಎಂದು ನಾನು ಹೇಳುವುದಿಲ್ಲ. ಆರು ತಿಂಗಳು ಕೊಳ್ಳಬೇಡ, ಬರೀ ನೋಡು. ಉಡುಪಿಯಲ್ಲಿ ಹಿಂದಿನ ಕಾರ್ಪೊರೇಷನ್ ಬ್ಯಾಂಕಿನ ಸ್ಥಾಪಕ ಹಾಜಿ ಅಬ್ದುಲ್ಲಾ ಸಾಹೇಬರ ಮನೆಯಲ್ಲೇ ನಾಣ್ಯ ಸಂಗ್ರಹಾಲಯವಿದೆ, ಬೆಳಗಿನ ರೈಲಿಗೆ ಹೋಗಿ ಸಂಜೆ ಬರಬಹುದು. ಆಮೇಲೆ ಕೊಳ್ಳುವಾಗ ಅಂಚಿನ ಚಿತ್ರ, ತಕ್ಕಡಿಯ ಮೇಲಿಟ್ಟ ಚಿತ್ರ, ಅವತ್ತಿನ ತಾರೀಕು ಬರೆದ ಚೀಟಿಯ ಪಕ್ಕದಲ್ಲಿಟ್ಟ ಚಿತ್ರ ಕೇಳು. ಅಸಲು ಇಟ್ಟುಕೊಂಡವನಿಗೆ ಅದು ಎರಡು ನಿಮಿಷದ ಕೆಲಸ.

ದೂರು ಮುಗಿಯುವವರೆಗೆ ನಾಲ್ಕನ್ನೂ ಹಾಗೇ ಇಡು, ಅವು ಸಾಕ್ಷಿ. ಆಮೇಲೆ ನಿನ್ನಲ್ಲಿ ಉಳಿದವುಗಳ ಅಂಚಿಗೆ ಅರದಿಂದ ಆಳವಾಗಿ ಒಂದು ಗೀರು ಹಾಕಿ, ಲಕೋಟೆಯ ಮೇಲೆ 'ಖೋಟಾ' ಎಂದು ನಿನ್ನ ಕೈಬರಹದಲ್ಲಿ ಬರೆ. ನಾಳೆ ನಿನ್ನ ಮಕ್ಕಳಿಗೆ ಅಪ್ಪನ ಪೆಟ್ಟಿಗೆಯಲ್ಲಿ ಸಿಕ್ಕಿತು, ಅಸಲೇ ಇರಬೇಕು ಎಂದು ಅನಿಸಬಾರದು.

ಬರುವ ಆದಿತ್ಯವಾರ ಮಧ್ಯಾಹ್ನದ ಊಟಕ್ಕೆ ಬಾ. ನಾಲ್ಕನ್ನೂ ತಾ. ಮೇಷ್ಟ್ರು ಬಿಟ್ಟುಹೋದ ಬೆಂಕಿಪೆಟ್ಟಿಗೆ ನನ್ನ ಕಪಾಟಿನಲ್ಲೇ ಇದೆ, ತೆಗೆದು ತೋರಿಸುತ್ತೇನೆ. ಅಜ್ಜಿ ದೇವರ ಪೆಟ್ಟಿಗೆಯಲ್ಲಿಟ್ಟಿದ್ದ 1862ರ ರಾಣಿ ರೂಪಾಯಿಯೂ ಇದೆ. ಅದನ್ನು ಮೊದಲು ಕೈಯಲ್ಲಿ ಹಿಡಿ, ಆಮೇಲೆ ಉಳಿದವನ್ನು ನೋಡು. ಅಷ್ಟರೊಳಗೆ ನಿನ್ನ ಅತ್ತೆಗೂ ಈ ಸಂಗತಿ ಹೇಳಿರುತ್ತೇನೆ.

ಇಂತಿ ನಿನ್ನ
ಮಾವ